ಪೆಟ್ಟಾದವನಿಗೋಸ್ಕರ ಹೊರಗೆ ಹಾಕಿದ ಬಾಲ್‌ನಲ್ಲೇ ಗೋಲ್ ಹೊಡೆದರು, ನಿಮಗೂ ಹೀಗಾಗಿತ್ತಾ?

ಅಂಡರ್-14 ಕೋಚ್: ಸೆಮಿಫೈನಲ್‌ನಲ್ಲಿ ಅವರ ಹುಡುಗ ಕಾಲು ಹಿಡಿದು ಬಿದ್ದ ಅಂತ ನಮ್ಮವರು ಬಾಲನ್ನು ಆಚೆ ಹಾಕಿದರು. ಅವರು ಥ್ರೋ ಎಸೆದು, ವಾಡಿಕೆಯಂತೆ ಬಾಲನ್ನು ನಮಗೆ ವಾಪಸ್ ಕೊಡದೆ ಗೋಲ್ ಹೊಡೆದರು. ರೆಫ್ರಿ ಗೋಲ್ ಕೊಟ್ಟರು. ಇನ್ನು ಹುಡುಗರಿಗೆ ಏನು ಹೇಳಿಕೊಡಲಿ?

ಆಸ್ಟಿನ್ ಟೌನ್ ಸ್ಟಾಪರ್: ನಮಗಾಗಿದ್ದು ಇನ್ನೂ ಜಾಸ್ತಿ. ಟೂರ್ನಮೆಂಟ್ ಎಂಟ್ರಿ ಫೀಸ್ 3,500, ಟೆಂಪೋ 4,200, ಹದಿನಾರು ಜೆರ್ಸಿ ತಲಾ 280, ಐಸು ಬಾಳೆಹಣ್ಣು 640. ಒಟ್ಟು 12,820 ರೂಪಾಯಿ, ಎಲ್ಲ ನನ್ನ ಜೇಬಿನದು. ಕೊನೆ ನಿಮಿಷ ಅವರಿಗೆ ಫ್ರೀ ಕಿಕ್. ನಮ್ಮ ಗೋಲಿ (ಗೋಲ್‌ಕೀಪರ್) ಪೋಸ್ಟ್ ಹಿಡಿದು ‘ಎಡಕ್ಕೆ, ಇನ್ನೊಂದ್ ಹೆಜ್ಜೆ’ ಅಂತ ವಾಲ್, ಅಂದರೆ ಬಾಲ್‌ಗೆ ಅಡ್ಡ ನಿಲ್ಲೋ ನಮ್ಮವರ ಸಾಲು, ನಿಲ್ಲಿಸ್ತಿದ್ದ. ವಿಸಿಲ್‌ಗೂ ಕಾಯದೆ ಹೊಡೆದೇಬಿಟ್ಟರು. ಗೋಲ್ ಆದಮೇಲೂ ಆ ಹುಡುಗ ಪೋಸ್ಟ್ ಬಿಡಲಿಲ್ಲ. ಅವತ್ತಿಂದ ಫೌಲ್ ಆದ ತಕ್ಷಣ ಒಬ್ಬ ಬಾಲ್ ಮುಂದೆ ಹೋಗಿ ನಿಲ್ಲಬೇಕು ಅಂತ ಹೇಳಿಕೊಟ್ಟಿದ್ದೇನೆ.

ಮೈಸೂರು ರೆಫ್ರಿ: ಇದನ್ನೇ ಕಲಿಸ್ತೀರಾ? ಹಾಗೆ ತಡೆದರೆ ಹಳದಿ ಕಾರ್ಡ್. ಎದುರಾಳಿಗಳು 9.15 ಮೀಟರ್ ದೂರ ನಿಲ್ಲಲಿ ಅಂತ ಹೊಡೆಯುವವರು ಕೇಳಿ, ರೆಫ್ರಿ ‘ತಡೀರಿ’ ಅಂದಿದ್ದರೆ ವಿಸಿಲ್‌ಗೆ ಕಾಯಬೇಕು. ಇಲ್ಲದಿದ್ದರೆ ವಾಲ್ ಆಗಲಿ ಅಂತ ಯಾರೂ ಕಾಯಬೇಕಾಗಿಲ್ಲ. ಇದಕ್ಕೇ ಕಾರ್ಡ್ ಕೊಟ್ಟಾಗ ನನ್ನ ಬೈಕ್ ಸೀಟ್ ಹರಿದರು. ಹೊಲಿಸಲು 850 ಆಯ್ತು, ಆ ಮ್ಯಾಚಿಗೆ ನನಗೆ ಸಿಕ್ಕಿದ್ದು 400.

ಹಳದಿ ಜೆರ್ಸಿ: ‘ತಡೀರಿ’ ಅಂದರೋ ಇಲ್ಲವೋ ಅನ್ನೋದೇ ಜಗಳ ಅಲ್ವಾ? 2023ರ ಮಾರ್ಚ್ 3, ಬೆಂಗಳೂರು ಎಫ್‌ಸಿ ಮೇಲೆ ನಮ್ಮ ಕೇರಳ ಬ್ಲಾಸ್ಟರ್ಸ್ ಮ್ಯಾಚ್, ನಾನು ಕಂಠೀರವದಲ್ಲೇ ಇದ್ದೆ. ಹೆಚ್ಚುವರಿ ಸಮಯ, 96ನೇ ನಿಮಿಷ. ನಮ್ಮವರು ವಾಲ್ ಕಟ್ಟುವ ಮೊದಲೇ ಬೆಂಗಳೂರಿನ ಛೆಟ್ರಿ ಫ್ರೀ ಕಿಕ್‌ನಲ್ಲಿ ಗೋಲ್ ಹೊಡೆದರು. ಬ್ಲಾಸ್ಟರ್ಸ್ ಮೈದಾನ ಬಿಟ್ಟಿತು. ಕ್ಲಬ್‌ಗೆ 4 ಕೋಟಿ ದಂಡ, ಕೋಚ್ ವುಕೊಮನೊವಿಚ್‌ಗೆ 10 ಪಂದ್ಯ ನಿಷೇಧ. ಮಗಳನ್ನು ಮೊದಲ ಸಲ ಕರ್ಕೊಂಡು ಹೋಗಿದ್ದೆ. ‘ಅಪ್ಪ, ಮ್ಯಾಚ್ ಮುಗೀತಾ?’ ಅಂದಳು. ನನಗೆ ಮಾತೇ ಬರಲಿಲ್ಲ.

ನೀಲಿ ಗ್ಯಾಲರಿ: ಗೋಲಿ ಬಾಲ್ ನೋಡಬೇಕಿತ್ತು. ಬಿಟ್ಟು ಹೋಗಿದ್ದು ಯಾವ ಕ್ರೀಡಾ ಮನೋಭಾವ?

ಹಳದಿ ಜೆರ್ಸಿ: ನಿಮ್ಮ ಮೇಲೆ ಹಾಗಾಗಿದ್ದರೆ ಸುಮ್ನೆ ಇರ್ತಿದ್ರಾ?

ಮಂಗಳೂರು ಪಿಟಿ ಮಾಸ್ಟರ್: ನಾನು ಗೋಲ್ ವಾಪಸ್ ಕೊಟ್ಟವನು. ಕೋಚ್ ಅವರದ್ದೇ ಕಥೆ, ಆದರೆ ಥ್ರೋ ಎಸೆದವರು ನಾವು. ‘ಅವರಿಗೂ ಒಂದು ಬಿಡ್ರೋ’ ಅಂದೆ. ಸೋತೆವು. ಇಬ್ಬರು ಪೋಷಕರು ಮಕ್ಕಳನ್ನು ಬಿಡಿಸಿದರು, ತಿಂಗಳಿಗೆ 3,000 ಫೀಸ್ ಹೋಯ್ತು. ಬೇಜಾರಿಲ್ಲ. 2019ರಲ್ಲಿ ಇಂಗ್ಲೆಂಡಿನ ಲೀಡ್ಸ್ ಕ್ಲಬ್‌ನ ಕೋಚ್ ಬಿಯೆಲ್ಸಾ ಮಾಡಿದ್ದೂ ಅದೇ. ಎದುರಾಳಿ ಆಸ್ಟನ್ ವಿಲ್ಲಾಗೆ ಗೋಲ್ ಬಿಡಿ ಅಂದರು, ಆಟ 1-1 ಆಯ್ತು. ಲೀಡ್ಸ್‌ನದೇ ಡಿಫೆಂಡರ್ ಯಾನ್ಸನ್ ಆಗಲೂ ಅಡ್ಡ ಹೋದ! 1999ರಲ್ಲಿ ಆರ್ಸೆನಲ್ ಇಂಥದ್ದೇ ಗೋಲಿಂದ ಶೆಫೀಲ್ಡ್ ಯುನೈಟೆಡ್ ಮೇಲೆ ಗೆದ್ದು, ಮತ್ತೆ ಆಡೋಣ ಅಂತ ಆರ್ಸೆನಲ್ ಕೋಚ್ ವೆಂಗರ್ ಅವರೇ ಹೇಳಿದರು.

ಆಸ್ಟಿನ್ ಟೌನ್ ಸ್ಟಾಪರ್: ಮತ್ತೆ ಆಡಿದಾಗಲೂ 2-1 ಅವರೇ ಗೆದ್ದರು ಸ್ವಾಮಿ. ನನ್ನ ಹುಡುಗರಿಗೆ ಯಾರು ಮತ್ತೆ ಆಡಿಸ್ತಾರೆ?

ಮೈಸೂರು ರೆಫ್ರಿ: ಕೋಚ್ ಅವರೇ, ಬಾಲ್ ಆಚೆ ಹಾಕಬೇಡಿ. ಜೋರು ಪೆಟ್ಟಾಗಿದ್ದರೆ ಆಟ ನಿಲ್ಲಿಸೋದು ನಮ್ಮ ಕೆಲಸ. ನಿಮ್ಮ ಹತ್ತಿರ ಬಾಲ್ ಇದ್ದಾಗ ನಿಲ್ಲಿಸಿದರೆ ಡ್ರಾಪ್ ಬಾಲ್, ಅಂದರೆ ಆಟ ಮತ್ತೆ ಶುರು ಮಾಡಲು ರೆಫ್ರಿ ಕೆಳಗೆ ಬಿಡೋ ಬಾಲ್, ನಿಮಗೇ, 2019ರಿಂದ ನಿಯಮ ಹಾಗಿದೆ.

ಹಳದಿ ಜೆರ್ಸಿ: ರೆಫ್ರಿ ನೋಡದಿದ್ದರೆ?