ಎಲೈಸಾದಲ್ಲಿ ರೋಟಾ ಪಾಸಿಟಿವ್, ಪಿಸಿಆರ್‌ನಲ್ಲಿ ನೆಗೆಟಿವ್: ತಪ್ಪು ಎಲ್ಲಿ?

ಬೆಂಚ್ ನಂ. 3
ಜಿಲ್ಲಾ ಮಟ್ಟದ ಲ್ಯಾಬ್. ಐದು ವರ್ಷದೊಳಗಿನ ಮಕ್ಕಳ ಮೂಗಿನ ಸ್ವಾಬ್, ವಾಂತಿಭೇದಿಯ ಮಲ ಎರಡೂ ಬರುತ್ತವೆ. ಸ್ವಾಬ್‌ನಲ್ಲಿ ಆರ್‌ಎಸ್‌ವಿ (ಮಕ್ಕಳ ಉಸಿರಾಟದ ಸೋಂಕಿನ ವೈರಸ್), ಇನ್‌ಫ್ಲುಯೆಂಜಾ ಸರಿಯಾಗಿ ಸಿಗುತ್ತಿವೆ. ತಲೆನೋವು ಮಲದ್ದೇ. ಭೇದಿ ತರುವ ರೋಟಾ ವೈರಸ್‌ನ ಎಲೈಸಾದಲ್ಲಿ (ವೈರಸ್‌ನ ಪ್ರೋಟೀನನ್ನು ಬಣ್ಣದಿಂದ ತೋರಿಸುವ ಪರೀಕ್ಷೆ) ದಟ್ಟ ಬಣ್ಣ ಬಂದ 9 ಮಾದರಿಗಳಲ್ಲಿ 6 ಆರ್‌ಟಿ-ಪಿಸಿಆರ್‌ನಲ್ಲಿ (ವೈರಸ್‌ನ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ, ಹೆಚ್ಚಿಸಿ ಹುಡುಕುವ ಪರೀಕ್ಷೆ) ನೆಗೆಟಿವ್. ಆ ಆರರಲ್ಲಿ ಎರಡಕ್ಕೆ ಇಂಟರ್ನಲ್ ಕಂಟ್ರೋಲೂ (ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಪ್ರತಿ ಮಾದರಿಗೆ ಬೆರೆಸುವ ಎಂಎಸ್2 ವೈರಸ್) ಏಳಲಿಲ್ಲ. ಉಳಿದ ನಾಲ್ಕರಲ್ಲಿ ಎಂಎಸ್2 ಚೆನ್ನಾಗಿಯೇ ಬಂದಿದೆ. ಪಾಸಿಟಿವ್ ಕಂಟ್ರೋಲ್ ಪ್ಲಾಸ್ಮಿಡ್ (ಡಿಎನ್‌ಎಯ ಚಿಕ್ಕ ಉಂಗುರ), ಅದೂ ಸರಿ. ತೆಗೆದ ಆರ್‌ಎನ್‌ಎಯಿಂದ 5 ಮೈಕ್ರೋಲೀಟರ್ ನೇರವಾಗಿ ಒನ್-ಸ್ಟೆಪ್ ಮಿಕ್ಸ್‌ಗೆ (ಎಲ್ಲ ಕಿಣ್ವಗಳೂ ಒಟ್ಟಿಗಿರುವ ದ್ರವ) ಹಾಕುತ್ತೇವೆ, 50 ಡಿಗ್ರಿಯಲ್ಲಿ ಆರ್‌ಟಿ (ಆರ್‌ಎನ್‌ಎಯಿಂದ ಡಿಎನ್‌ಎಗೆ ನಕಲು), ಆಮೇಲೆ 95. ಕಿಟ್ ಬದಲಿಸಬೇಕಾ?

ವೈರಾಲಜಿ ಮೇಜು
ಕಿಟ್ ಬದಲಿಸಬೇಡಿ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಒಂದರಲ್ಲಿ ಇನ್ನೊಂದನ್ನು ಬೆರೆಸಬೇಡಿ.

ಮೊದಲು ಆ ನಾಲ್ಕು. ರೋಟಾದ ಜೀನೋಮ್ ಎರಡೆಳೆಯ ಆರ್‌ಎನ್‌ಎ, 11 ತುಂಡು. 50 ಡಿಗ್ರಿಗೆ ಆ ಎಳೆಗಳು ಬಿಚ್ಚಿಕೊಳ್ಳುವುದಿಲ್ಲ, ಪ್ರೈಮರ್ (ನಕಲು ಶುರುಮಾಡಿಸುವ ಚಿಕ್ಕ ಎಳೆ) ಕೂರಲು ಜಾಗವೇ ಸಿಗುವುದಿಲ್ಲ. ನೀವು 95ಕ್ಕೆ ಹೋಗುವ ಹೊತ್ತಿಗೆ ಆರ್‌ಟಿ ಕಿಣ್ವ ಸತ್ತಿರುತ್ತದೆ, ಬಿಚ್ಚಿಕೊಂಡರೂ ಉಪಯೋಗವಿಲ್ಲ. ಆರ್‌ಎಸ್‌ವಿ, ಇನ್‌ಫ್ಲುಯೆಂಜಾ ಒಂದೆಳೆಯವು, ಹಾಗಾಗಿ ಅಲ್ಲಿ ಈ ಕಷ್ಟವಿಲ್ಲ.

ಆರ್‌ಎನ್‌ಎಯನ್ನಷ್ಟೇ ಬೇರೆ ಟ್ಯೂಬಿನಲ್ಲಿ 95 ಡಿಗ್ರಿಗೆ 5 ನಿಮಿಷ ಇಡಿ. ಬ್ಲಾಕ್‌ನಿಂದ ತೆಗೆದ ಕೂಡಲೇ ಪುಡಿ ಐಸಿನೊಳಗೆ ಒತ್ತಿಡಿ, ಎರಡು ನಿಮಿಷ. ಆಮೇಲೆ ತಡಮಾಡದೆ ಮಿಕ್ಸ್‌ಗೆ ಸೇರಿಸಿ. ರ‍್ಯಾಕಿನಲ್ಲಿ ಹಾಗೇ ಆರಲು ಬಿಟ್ಟರೆ ಎಳೆಗಳು ಮತ್ತೆ ಹೆಣೆದುಕೊಳ್ಳುತ್ತವೆ, ಮಾಡಿದ್ದೆಲ್ಲ ನೀರುಪಾಲು. ಕಿಣ್ವವಿರುವ ಮಿಕ್ಸನ್ನು ಮಾತ್ರ ಬಿಸಿಮಾಡಬಾರದು. ಮೆಗ್ನೀಸಿಯಂ ಇರುವ ಬಫರಿನಲ್ಲಿ ಆರ್‌ಎನ್‌ಎ ಕುದಿಸಿದರೆ ಅದು ತುಂಡಾಗುತ್ತದೆ.

ನಿಮ್ಮ ಕಂಟ್ರೋಲ್‌ಗಳು ಇದನ್ನು ಯಾಕೆ ಹಿಡಿಯಲಿಲ್ಲ? ಎಂಎಸ್2 ಒಂದೆಳೆಯ ಆರ್‌ಎನ್‌ಎ ಇರುವ ಫೇಜ್ (ಬ್ಯಾಕ್ಟೀರಿಯಾದ ವೈರಸ್), ಪ್ಲಾಸ್ಮಿಡ್ ಎಂದರೆ ಡಿಎನ್‌ಎ. ಎಳೆ ಬಿಚ್ಚದಿದ್ದರೂ ಎರಡೂ ಏಳುತ್ತವೆ. ಪ್ಲಾಸ್ಮಿಡ್‌ಗೆ ಆರ್‌ಟಿ ಕೂಡ ಬೇಕಿಲ್ಲ. ಎಲೈಸಾದಲ್ಲಿ ಜೋರಾಗಿ ಪಾಸಿಟಿವ್ ಆದ ಒಂದು ಮಲವನ್ನು ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 70ರಲ್ಲಿಡಿ, ಪ್ರತಿ ರನ್‌ನಲ್ಲೂ ಒಂದು ಪಾಲನ್ನು ಮಾದರಿಯಂತೆಯೇ ಮೊದಲಿನಿಂದ ಓಡಿಸಿ. ನಿಜವಾದ ಪಾಸಿಟಿವ್ ಕಂಟ್ರೋಲ್ ಅದೇ.

ಮಲೆನಾಡ ಲ್ಯಾಬ್
ಉಳಿದ ಎರಡರದ್ದು ಪ್ರತಿಬಂಧಕಗಳ (ಪಿಸಿಆರ್ ನಡೆಯದಂತೆ ತಡೆಯುವ ವಸ್ತುಗಳ) ಕೆಲಸ. ಪಿತ್ತ ಲವಣ, ಲೋಳೆಯ ಸಕ್ಕರೆ ಸರಪಳಿಗಳು ಪಾಲಿಮರೇಸ್ ಕಿಣ್ವವನ್ನು ಕಟ್ಟಿಹಾಕುತ್ತವೆ. ಅದೇ ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓಡಿಸಿ. ಎಂಎಸ್2 ಎದ್ದರೆ ಕಾರಣ ಇದೇ. ಏಳದಿದ್ದರೆ ಮಲದಿಂದಲೇ ಮತ್ತೆ ಆರ್‌ಎನ್‌ಎ ತೆಗೆಯಬೇಕು. ಇಂಟರ್ನಲ್ ಕಂಟ್ರೋಲ್ ಬಾರದ ಮಾದರಿಗೆ ‘ನೆಗೆಟಿವ್’ ಎಂದು ಬರೆಯಲೇಬೇಡಿ, ಅದು ‘ಇನ್‌ವ್ಯಾಲಿಡ್’. ಈ ವ್ಯತ್ಯಾಸಕ್ಕೆ ಸಡಿಲು ಬಿಡುವಂತಿಲ್ಲ, ಆ ಒಂದು ಪದವನ್ನು ನೋಡಿ ವಾರ್ಡಿನಲ್ಲಿ ಮಗುವನ್ನು ಎಲ್ಲಿ ಮಲಗಿಸಬೇಕೆಂದು ತೀರ್ಮಾನವಾಗುತ್ತದೆ.

ಮಲವನ್ನು ಹೆಚ್ಚು ಹಾಕಿದಷ್ಟೂ ವೈರಸ್ ಹೆಚ್ಚು ಸಿಗುತ್ತದೆ ಎಂದುಕೊಳ್ಳುವವರು ಬಹಳ. ಆಗುವುದು ತಿರುಗಾಮುರುಗಾ. 1 ಮಿ.ಲೀ. ಪಿಬಿಎಸ್‌ಗೆ (ಉಪ್ಪಿನ ಬಫರ್ ದ್ರಾವಣ) 100 ಮಿಲಿಗ್ರಾಂ, ಅಂದರೆ ಕಡಲೆಕಾಳಿಗಿಂತ ಚಿಕ್ಕ ಉಂಡೆ, ಸಾಕು. ನೀರು ಭೇದಿಯಾದರೆ 100 ಮೈಕ್ರೋಲೀಟರ್. ವೋರ್ಟೆಕ್ಸ್ ಮಾಡಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನಷ್ಟೇ ತೆಗೆಯಿರಿ. ಟಿಪ್ ತಳದ ಗಸಿಯನ್ನು ಮುಟ್ಟಬಾರದು.

ಡೈಪರ್‌ನಿಂದ ಹಿಂಡಿ ತೆಗೆದ ಮಾದರಿಯೂ ಬರುತ್ತಿರಬಹುದು, ವಿಚಾರಿಸಿ. ಒಳಗಿನ ಜೆಲ್ ದ್ರವವನ್ನೆಲ್ಲ ಹೀರಿರುತ್ತದೆ. ಡೈಪರ್ ಒಳಗೆ ಸ್ವಚ್ಛ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲಿಂದ ಚಮಚದಲ್ಲಿ ತೆಗೆಯಲು ಸಿಸ್ಟರ್‌ಗೆ ಹೇಳಿ. ಫಾರ್ಮಲಿನ್ ಹಾಕಿದ ಡಬ್ಬಿ ಬೇಡ.

ಮಕ್ಕಳ ವಾರ್ಡ್
ಲ್ಯಾಬ್‌ನವರಿಗೆ ವಾರ್ಡ್ ಕಡೆಯಿಂದ ಒಂದು ವಿನಂತಿ: ಮಾದರಿಯ ಜೊತೆ ಭೇದಿ ಶುರುವಾದ ದಿನ ಮತ್ತು ಕೊನೆಯ ರೋಟಾ ಹನಿಯ ದಿನಾಂಕ ಕೇಳಿ ಪಡೆಯಿರಿ. ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. 6, 10, 14 ವಾರಕ್ಕೆ ಕೊಡುವುದು ಜೀವಂತ ವೈರಸ್‌ನ ಲಸಿಕೆ. ಹಾಕಿಸಿದ ಮೊದಲ ಒಂದೆರಡು ವಾರ ಅದೇ ವೈರಸ್ ಮಲದಲ್ಲಿ ಬರಬಹುದು, ಪಿಸಿಆರ್ ಅದನ್ನೂ ಹಿಡಿಯುತ್ತದೆ. ಏಳು ವಾರದ ಕೂಸಿನ ಸಿಟಿ (ಎಷ್ಟನೇ ಸುತ್ತಿನಲ್ಲಿ ಪಿಸಿಆರ್ ಎದ್ದಿತು ಎಂಬ ಸಂಖ್ಯೆ; ಹೆಚ್ಚಿದ್ದಷ್ಟೂ ವೈರಸ್ ಕಡಿಮೆ) 36 ನೋಡಿ ‘ರೋಟಾ ಭೇದಿ’ ಎಂದರೆ ತಪ್ಪಾದೀತು. ಭೇದಿ ತರುವ ಇನ್ನೊಂದು ವೈರಸ್ ನೊರೊ ಕೂಡ ಭೇದಿ ನಿಂತ ಮೇಲೂ ವಾರಗಟ್ಟಲೆ ಹೊರಬರುತ್ತದೆ. ಮೂಗಿನ ಮಾದರಿಯಲ್ಲಿ ನೆಗಡಿಯ ರೈನೋ ವೈರಸ್‌ದೂ ಇದೇ ಕಥೆ, ಆರೋಗ್ಯವಾಗಿರುವ ಮಕ್ಕಳಲ್ಲೂ ಕಾಣುತ್ತದೆ. ಆರ್‌ಎಸ್‌ವಿ ಹಾಗಲ್ಲ. ಉಬ್ಬಸ ಬಂದ ಆರು ತಿಂಗಳೊಳಗಿನ ಮಗುವಿನಲ್ಲಿ ಸಿಕ್ಕರೆ ಅದಕ್ಕೆ ತೂಕವಿದೆ.

ವರದಿಗಾಗಿ ಚಿಕಿತ್ಸೆ ಕಾಯುವುದಿಲ್ಲ. ಓಆರ್‌ಎಸ್, ಜಿಂಕ್ ಮೊದಲೇ ಶುರುವಾಗಿರುತ್ತವೆ: 2–6 ತಿಂಗಳಿಗೆ ದಿನಕ್ಕೆ ಜಿಂಕ್ 10 ಮಿಲಿಗ್ರಾಂ, ಅದರ ಮೇಲೆ 20, 14 ದಿನ. ನಿಮ್ಮ ವರದಿ ನೆರವಾಗುವುದು ಬೇಡದ ಆಂಟಿಬಯೋಟಿಕ್ ತಪ್ಪಿಸಲು, ಮಕ್ಕಳನ್ನು ಬೇರೆ ಬೇರೆ ಇಡಲು. ನೊರೊ ಎಂದು ಬಂದರೆ ಸ್ಯಾನಿಟೈಸರ್ ನಂಬದೆ ಸೋಪು–ನೀರಿಗೆ ಬದಲಾಗುತ್ತೇವೆ.

ಬೆಂಚ್ ನಂ. 3
ತುಂಬಾ ಧನ್ಯವಾದ. ಅದೇ ಆರ್‌ಎನ್‌ಎಯಿಂದ ನೊರೊ ಕೂಡ ನೋಡುತ್ತೇವೆ. ಬಿಸಿಮಾಡಿದರೆ ಅದು ಹಾಳಾಗುವುದಿಲ್ಲವೇ?

ವೈರಾಲಜಿ ಮೇಜು
ಶುದ್ಧ ಎಲ್ಯೂಷನ್ ಬಫರ್‌ನಲ್ಲಿ (ತೆಗೆದ ಆರ್‌ಎನ್‌ಎ ಕೊನೆಗೆ ಸೇರುವ ದ್ರವ) 5 ನಿಮಿಷ ತಡೆದುಕೊಳ್ಳುತ್ತದೆ. ಅನುಮಾನವಿದ್ದರೆ ಗೊತ್ತಿರುವ ಒಂದು ನೊರೊ ಪಾಸಿಟಿವನ್ನು ಬಿಸಿಮಾಡಿ, ಮಾಡದೆ, ಅಕ್ಕಪಕ್ಕ ಓಡಿಸಿ ಸಿಟಿ ಹೋಲಿಸಿ. ಆ ನಾಲ್ಕು ಮಾದರಿಗಳನ್ನೂ ಹೀಗೇ ಜೋಡಿಯಾಗಿ ಹಾಕಿ. ಬಿಸಿಮಾಡಿದ ಆರ್‌ಎನ್‌ಎ ಹಾಕಿದ ಗುಳಿಯಲ್ಲಿ ಮಾತ್ರ ರೋಟಾ ಎದ್ದರೆ ಹಳೆಯ ನೆಗೆಟಿವ್ ವರದಿಗಳನ್ನೂ ತೆರೆದು ನೋಡಬೇಕಾಗುತ್ತದೆ. ಹಳೆ ಆರ್‌ಎನ್‌ಎ ಬೇಡ, ಫ್ರೀಜರ್‌ನಲ್ಲಿರುವ ಮಲದಿಂದ ಹೊಸದಾಗಿ ತೆಗೆಯಿರಿ.