ವಿಲಿಯಂ ಮೋರಿಸ್ ಅವರ ಕೈಕಸುಬು ಶ್ರೀಮಂತರಿಗಷ್ಟೇ ದಕ್ಕಿತೆಂದರೆ ಅದನ್ನು ಸುಧಾರಣೆ ಎನ್ನಬಹುದೇ?

ವಿನ್ಯಾಸ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮೋರಿಸ್ (1834–1896) ಅವರ ಬಗ್ಗೆ ಓದುವಾಗ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಕೆಲವರಿಗೆ ಮಾತ್ರ ಸಲ್ಲುವ ಕಲೆ ತನಗೆ ಬೇಡವೆಂದು 1877ರ ಉಪನ್ಯಾಸದಲ್ಲಿ ಸಾರಿದ ಅವರ ಕಂಪನಿಯ ಪರದೆಗಳನ್ನೂ ಜಮಖಾನಗಳನ್ನೂ ಕೊಳ್ಳುವ ಶಕ್ತಿ ಅಂದಿನ ಕಾರ್ಮಿಕರಿಗೆ ಇರಲಿಲ್ಲ. ಹಾಗಿದ್ದ ಮೇಲೆ ಅವರನ್ನು ಸಮಾಜ ಸುಧಾರಕರೆಂದು ಕರೆಯುವುದು ಸರಿಯೇ?

ನೀಲಿ ತೊಟ್ಟಿ:
ಬೆಲೆ ಏಕೆ ಏರಿತೆಂಬುದನ್ನು ಮೊದಲು ನೋಡೋಣ. 1856ರ ನಂತರ ಬಂದ ರಾಸಾಯನಿಕ ಬಣ್ಣಗಳು ಅಗ್ಗವಾಗಿದ್ದರೂ ಮೋರಿಸ್ ಅವುಗಳನ್ನು ಒಪ್ಪಲಿಲ್ಲ; ಲೀಕ್ ಪಟ್ಟಣದ ಥಾಮಸ್ ವಾರ್ಡಲ್ ಅವರ ಬಣ್ಣದ ಕಾರ್ಖಾನೆಯಲ್ಲಿ ತಾವೇ ತೊಟ್ಟಿಗೆ ಕೈ ಹಾಕಿ ಹಳೆಯ ಸಸ್ಯಜನ್ಯ ಬಣ್ಣಗಳನ್ನು ಕಲಿತರು. 1881ರಲ್ಲಿ ವಾಂಡಲ್ ನದಿಯ ದಡದ ಮರ್ಟನ್ ಅಬಿಯಲ್ಲಿ ಕಾರ್ಯಾಗಾರ ತೆರೆದ ಮೇಲೆ ಬಂದ 'ಸ್ಟ್ರಾಬೆರಿ ಥೀಫ್' (1883) ಬಟ್ಟೆಯನ್ನೇ ತೆಗೆದುಕೊಳ್ಳಿ: ಇಡೀ ಬಟ್ಟೆಯನ್ನು ನೀಲಿಯಲ್ಲಿ ಅದ್ದಿ, ಬೇಕಾದ ಕಡೆ ಮರದ ಅಚ್ಚಿನಿಂದ ಬಣ್ಣ ತೆಗೆಯುವ ದ್ರಾವಣವನ್ನು ಒತ್ತಿ, ತೊಳೆದು, ಬಿಳುಪಾದ ಜಾಗಕ್ಕೆ ಕೆಂಪನ್ನೂ ಹಳದಿಯನ್ನೂ ಮತ್ತೆ ಅಚ್ಚೊತ್ತಬೇಕಿತ್ತು. ಹಲವು ದಿನ ಹಿಡಿಯುವ ಈ ಕೆಲಸಕ್ಕೆ ನ್ಯಾಯವಾದ ಕೂಲಿ ಕೊಟ್ಟರೆ ಬಟ್ಟೆ ಅಗ್ಗವಾಗಿ ಸಿಗುವುದಾದರೂ ಹೇಗೆ?

ಹಳೆಯ ಓದುಗ:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ತಮ್ಮ ಕೆಲಸ ಧನಿಕರ ಭೋಗಕ್ಕೆ ಸಲ್ಲುತ್ತಿದೆ ಎಂಬ ಸಂಕಟ ಸ್ವತಃ ಮೋರಿಸ್ ಅವರಿಗೇ ಇತ್ತು, ಮತ್ತು ಅವರು 1883ರಲ್ಲಿ ಸಮಾಜವಾದಿ ಸಂಘಟನೆಯನ್ನು ಸೇರಿ ಬೀದಿ ಬದಿಯ ಸಭೆಗಳಲ್ಲಿ ಭಾಷಣ ಮಾಡುತ್ತ ತಿರುಗಿದ್ದಕ್ಕೆ ಆ ಸಂಕಟವೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. ಅವರು ಯಂತ್ರದ್ವೇಷಿಯೂ ಅಲ್ಲ. ಮರ್ಟನ್ ಅಬಿಯಲ್ಲಿ ಚಿತ್ತಾರವನ್ನು ಯಾಂತ್ರಿಕವಾಗಿ ನೇಯುವ ಜಕಾರ್ಡ್ ಮಗ್ಗಗಳಿದ್ದವು. ಬೇಸರ ತರಿಸುವ ದುಡಿಮೆಯನ್ನು ಯಂತ್ರಕ್ಕೆ ವಹಿಸುವುದಕ್ಕೆ ಅವರ ತಕರಾರಿರಲಿಲ್ಲ. ದುಡಿಯುವವನ ಸಂತೋಷವನ್ನೂ ವಿವೇಚನೆಯನ್ನೂ ಕಸಿದುಕೊಂಡು ಅವನನ್ನು ಯಂತ್ರದ ಬಾಲವಾಗಿಸುವ ವ್ಯವಸ್ಥೆಯನ್ನು ಅವರು ವಿರೋಧಿಸಿದರು. ಆದ್ದರಿಂದ ಬಟ್ಟೆಯನ್ನು ಯಾರು ಕೊಂಡರು ಎಂಬುದೊಂದರಿಂದಲೇ ಅವರನ್ನು ಅಳೆಯುವುದು ಅನ್ಯಾಯ.

ವಿನ್ಯಾಸ ವಿದ್ಯಾರ್ಥಿನಿ:
ಇಬ್ಬರಿಗೂ ಧನ್ಯವಾದಗಳು. ಈ ವಿಚಾರ ನಮ್ಮ ಕಡೆಗೆ ನೇರವಾಗಿ ತಲುಪಿದ್ದುಂಟೇ?

ಹಳೆಯ ಓದುಗ:
ಉಂಟು. ಸಿಂಹಳದ ಕಸುಬುದಾರರ ಬಗ್ಗೆ ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ಅವರು ಬರೆದ ದೊಡ್ಡ ಗ್ರಂಥ 1908ರಲ್ಲಿ ಅಚ್ಚಾದದ್ದು ಮೋರಿಸ್ ಅವರ ಕೆಲ್ಮ್‌ಸ್ಕಾಟ್ ಮುದ್ರಣಾಲಯದಲ್ಲಿ ಹಿಂದೆ ಬಳಕೆಯಲ್ಲಿದ್ದ ಕೈಯಚ್ಚಿನ ಯಂತ್ರದಲ್ಲಿಯೇ. ವಸಾಹತು ಆಡಳಿತದಲ್ಲಿ ನೇಕಾರರೂ ಕಮ್ಮಾರರೂ ನೆಲೆ ಕಳೆದುಕೊಂಡದ್ದನ್ನು ಕುಮಾರಸ್ವಾಮಿ ಮೋರಿಸ್ ಅವರ ದೃಷ್ಟಿಯಿಂದಲೇ ನೋಡಿದರು, ಸ್ವದೇಶಿ ಚಳವಳಿಯ ದಿನಗಳಲ್ಲಿ ಅದನ್ನೇ ಭಾರತದ ಓದುಗರ ಮುಂದೆಯೂ ಇಟ್ಟರು.