ನ್ಯೂಟನ್ ವ್ಯತ್ಯಾಸ ಸರಣಿ: ಪೂರ್ಣಾಂಕಗಳಲ್ಲಿ ಸರಿ, 0.5ರಲ್ಲಿ ತಪ್ಪು

ಪ್ರಶ್ನೆ:
3ರ ಎಕ್ಸ್ ಘಾತವನ್ನು 0, 1, 2, 3… ಬಿಂದುಗಳ ಬೆಲೆಗಳಿಂದ ನ್ಯೂಟನ್ನನ ಮುಮ್ಮುಖ ವ್ಯತ್ಯಾಸ ಸೂತ್ರದ (ಅಕ್ಕಪಕ್ಕದ ಬೆಲೆಗಳ ವ್ಯತ್ಯಾಸ, ಆ ವ್ಯತ್ಯಾಸಗಳ ವ್ಯತ್ಯಾಸ ಹೀಗೆ ಮುಂದುವರಿದು ಕಟ್ಟುವ ಸರಣಿಯ) ಮೂಲಕ ಮರಳಿ ಪಡೆಯಲು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಪೂರ್ಣಾಂಕಗಳಲ್ಲಿ ಉತ್ತರ ಕರಾರುವಾಕ್ಕಾಗಿದೆ. ಆದರೆ ಎಕ್ಸ್ 0.5 ಆದಾಗ, 1.732 ಬರಬೇಕಾದಲ್ಲಿ, ಒಂದೊಂದೇ ಪದ ಕೂಡಿಸುತ್ತಾ ಹೋದಂತೆ ಮೊತ್ತವು 1, 2, 1.5, 2, 1.375, 2.25, 0.9375, 3 ಎಂದು ಓಲಾಡುತ್ತಾ ದೂರ ಸರಿಯುತ್ತದೆ. 50 ಅಂಕಿಗಳ ನಿಖರತೆಯಲ್ಲಿ ಓಡಿಸಿದರೂ ಅದೇ ಫಲಿತಾಂಶ. ಎಂಟೈರ್ ಫಂಕ್ಷನ್ (ಸಂಕೀರ್ಣ ಸಂಖ್ಯೆಗಳಲ್ಲೆಲ್ಲಾ ಅವಕಲನ ಸಾಧ್ಯವಿರುವ ಫಂಕ್ಷನ್) ಆದ್ದರಿಂದ ಇದರ ಟೇಲರ್ ಸರಣಿ ಎಲ್ಲೆಡೆ ಅಭಿಸರಿಸುತ್ತದೆಯಲ್ಲವೇ, ಅಂದರೆ ಸರಿಯಾದ ಬೆಲೆಯತ್ತ ಸಾಗುತ್ತದೆಯಲ್ಲವೇ? ದೋಷ ಎಲ್ಲಿದೆಯೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ:
ನಿಮ್ಮ ಪ್ರೋಗ್ರಾಂನಲ್ಲಿ ತಪ್ಪಿಲ್ಲ; ನೀವು ಕೊಟ್ಟ ಮೊತ್ತಗಳನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡಿದೆ, ಎಲ್ಲವೂ ಸರಿಯಾಗಿವೆ. ಸೊನ್ನೆಯಲ್ಲಿ ಈ ಫಂಕ್ಷನ್ನಿನ ಮೊದಲ ವ್ಯತ್ಯಾಸ 2, ಎರಡನೆಯದು 4, ಮೂರನೆಯದು 8. ಇವುಗಳನ್ನು ಗುಣಿಸುವ ದ್ವಿಪದ ಗುಣಾಂಕಗಳು ತೀರ ನಿಧಾನವಾಗಿ ಕುಗ್ಗುವುದರಿಂದ, ಪ್ರತಿ ಹೆಜ್ಜೆಗೂ ಇಮ್ಮಡಿಯಾಗುವ ವ್ಯತ್ಯಾಸಗಳನ್ನು ಅವು ತಡೆಯಲಾರವು; 30ನೆಯ ವ್ಯತ್ಯಾಸದ ಪದವೇ ಹತ್ತು ಲಕ್ಷವನ್ನು ದಾಟುತ್ತದೆ. ಪೂರ್ಣಾಂಕಗಳಲ್ಲಿ ಗುಣಾಂಕಗಳು ಒಂದು ಹಂತದ ನಂತರ ಸೊನ್ನೆಯಾಗುವುದರಿಂದ ಈ ರೋಗ ಅಲ್ಲಿ ಕಾಣುವುದಿಲ್ಲ.

ಎಂಟೈರ್ ಆಗಿದ್ದರೆ ಸಾಲದು, ಬೆಳವಣಿಗೆಯ ವೇಗಕ್ಕೂ ಮಿತಿಯಿರಬೇಕು. ಆ ವೇಗವನ್ನು ಅಳೆಯುವ ಸಂಖ್ಯೆಯಾದ ಘಾತೀಯ ಟೈಪ್, 2ರ ಸ್ವಾಭಾವಿಕ ಲಾಗ್ (ಲಾಗ್ 2), ಅಂದರೆ 0.693ಕ್ಕಿಂತ ಕಡಿಮೆಯಿದ್ದರೆ ಈ ಸರಣಿ ಖಚಿತವಾಗಿ ಅಭಿಸರಿಸುತ್ತದೆ. ನಿಮ್ಮದು ಲಾಗ್ 3, ಅಂದರೆ 1.099. ಬಿಂದುಗಳ ಅಂತರವನ್ನು 0.4ಕ್ಕೆ ಇಳಿಸಿ, ಸೂತ್ರದಲ್ಲಿ ಎಕ್ಸ್ ಬದಲು 0.5/0.4, ಅಂದರೆ 1.25 ಹಾಕಿ ನೋಡಿ.

ಪ್ರಶ್ನೆ:
ಧನ್ಯವಾದಗಳು ಸರ್. ಇಪ್ಪತ್ತು ಪದಗಳಿಗೇ ಎಂಟು ದಶಮಾಂಶ ಸ್ಥಾನಗಳವರೆಗೆ ಸರಿಬಂತು. ಹಾಗಾದರೆ ಪೂರ್ಣಾಂಕಗಳ ಪಟ್ಟಿಯಲ್ಲಿ ಮಾಹಿತಿಯೇ ಸಾಲದೆಂದು ಅರ್ಥವೇ?

ಉತ್ತರ:
ಹಾಗಲ್ಲ. ಟೈಪ್ ಪೈಗಿಂತ ಕಡಿಮೆಯಿರುವ ಫಂಕ್ಷನ್ನನ್ನು ಪೂರ್ಣಾಂಕಗಳ ಬೆಲೆಗಳು ಏಕೈಕವಾಗಿ ನಿರ್ಧರಿಸುತ್ತವೆಂದು ಸ್ವೀಡನ್ನಿನ ಗಣಿತಜ್ಞ ಕಾರ್ಲ್‌ಸನ್ 1914ರಲ್ಲೇ ತೋರಿಸಿದ್ದಾರೆ. ಲಾಗ್ 2ರಿಂದ ಪೈವರೆಗಿನ ನಡುವಣ ವ್ಯಾಪ್ತಿಯಲ್ಲಿ ಮಾಹಿತಿ ಪೂರ್ಣವಾಗಿದ್ದರೂ ಅದನ್ನು ಹೊರತೆಗೆಯುವ ಕೆಲಸದಲ್ಲಿ ನ್ಯೂಟನ್ ಸರಣಿ ಕೈಕೊಡಬಹುದು. ಪೈ ತಲುಪಿದ ಮೇಲೆ ಮಾತ್ರ ಮಾಹಿತಿಯೇ ಕೈತಪ್ಪುತ್ತದೆ: ಸೈನ್ ಪೈ ಎಕ್ಸ್ ಪ್ರತಿ ಪೂರ್ಣಾಂಕದಲ್ಲೂ ಸೊನ್ನೆ. ಅದನ್ನು ನಿಮ್ಮ ಫಂಕ್ಷನ್ನಿಗೆ ಕೂಡಿಸಿದರೂ ವ್ಯತ್ಯಾಸಗಳ ಕೋಷ್ಟಕದಲ್ಲಿ ಒಂದಂಕಿಯೂ ಬದಲಾಗುವುದಿಲ್ಲ.